ಒತ್ತಿದರೂ ಹೋಗದ ಚುಕ್ಕೆ

ಮಕ್ಕಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿ ದುಡಿದವಳು ನಾನು. ನಿವೃತ್ತಿಯಾದ ಮೇಲೂ ಬೀದಿಯ ತಾಯಂದಿರು ನನ್ನನ್ನು ಬಿಡಲಿಲ್ಲ. ಮಗುವಿನ ಮೈಮೇಲೆ ಒಂದು ಗುಳ್ಳೆ ಎದ್ದರೆ ಸಾಕು, ಎತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಇದು ಬೆವರುಸಾಲೆ, ಇದು ಕಜ್ಜಿ, ಇದು ಸೊಳ್ಳೆ ಕಚ್ಚಿದ್ದು, ಇದನ್ನು ಮಾತ್ರ ಡಾಕ್ಟರಿಗೆ ತೋರಿಸು ಎಂದು ನಿಂತಲ್ಲೇ ಹೇಳಿ ಕಳಿಸುತ್ತಿದ್ದೆ. ಜಂಬ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕಣ್ಣಿಗೆ ಪೊರೆ ಬಂದು ಎಂಟು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಸೂಜಿ ಚುಚ್ಚಿದವಳಿಗೆ ತನ್ನ ಕಣ್ಣಿನ ಹತ್ತಿರ ಯಾರಾದರೂ ಸೂಜಿ ತರುತ್ತಾರೆಂದರೆ ಜೀವವೇ ಹೋಗುತ್ತದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆ ಮಧ್ಯಾಹ್ನ ಮೊಮ್ಮಗಳು ಬುಗುರಿಗೆ ಜ್ವರ. ಮೂರು ವರ್ಷದವಳು, ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆಂದು ನಾವಿಟ್ಟ ಅಡ್ಡಹೆಸರು ಅದು. ಅವತ್ತು ಸೋಫಾದ ಮೇಲೆ ಮುದುಡಿ ಮಲಗಿದ್ದಳು. ಸೊಸೆ ಅವಳ ಬಟ್ಟೆ ಸರಿಸಿ ನೋಡಿ ನನ್ನನ್ನು ಕರೆದಳು.

“ಅತ್ತೆ, ತೊಡೆ ಮೇಲೆ ನಾಲ್ಕೈದು ಕೆಂಪು ಚುಕ್ಕೆ ಎದ್ದಿದೆ. ಏನದು ನೋಡಿ.”

ಇಂಥ ಚುಕ್ಕೆಯನ್ನು ಹೇಗೆ ನೋಡಬೇಕೆಂದು ಎಷ್ಟೋ ಹೊಸ ನರ್ಸುಗಳಿಗೆ ಕಲಿಸಿದವಳು ನಾನೇ. ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ, ಗಾಜಿನೊಳಗಿಂದ ನೋಡಬೇಕು. ಚುಕ್ಕೆ ಮಾಸಿದರೆ ಸ್ವಲ್ಪ ಉಸಿರು ಬಿಡಬಹುದು. ಜ್ವರವಿದ್ದು, ಒತ್ತಿದರೂ ಹಾಗೇ ಉಳಿದರೆ ಚರ್ಮದ ಕೆಳಗೆ ರಕ್ತ ಸೋರುತ್ತಿದೆ ಎಂದರ್ಥ. ರಕ್ತಕ್ಕೆ ನಂಜು ಏರಿರಬಹುದು. ಆಮೇಲೆ ಒಂದೊಂದು ನಿಮಿಷವೂ ಮಗುವಿನ ಜೀವದ್ದು.

ಲೋಟ ಒತ್ತಿದೆ. ಗಾಜಿನಾಚೆ ಎಲ್ಲ ಮಂಜು ಮಂಜು. ಚುಕ್ಕೆ ಕಾಣಲಿಲ್ಲ. ಅದು ಮಾಸಿತೋ, ನನಗೇ ಕಾಣುತ್ತಿಲ್ಲವೋ, ತಿಳಿಯಲಿಲ್ಲ.

“ಹೋಯ್ತಾ ಅತ್ತೆ?”

“ಹೋಯ್ತು ಕಣೆ. ಜ್ವರದ ಗುಳ್ಳೆ ಅಷ್ಟೆ. ಔಷಧಿ ಕುಡಿಸು, ಸಾಕು.”

ಎಲುಬಿಲ್ಲದ ನಾಲಿಗೆ, ಹೊರಳಿಬಿಟ್ಟಿತು. ಸೊಸೆ ನಂಬಿದಳು. ಔಷಧಿ ಕುಡಿಸಿ ಬಟ್ಟೆ ಒಗೆಯಲು ಹೋದಳು. ನಾನು ಮಗುವಿನ ಪಕ್ಕ ಕೂತೆ. ಸಂಜೆಗೆ ಎದ್ದು ಓಡಾಡುತ್ತಾಳೆ, ಸುಮ್ಮನಿರು ಎಂದು ನನ್ನನ್ನೇ ಗದರಿಕೊಂಡೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ಆಮೇಲೆ ಅವಳ ಪಾದ ಮುಟ್ಟಿದೆ. ಹೊಟ್ಟೆ ಕೆಂಡದಂತೆ ಸುಡುತ್ತಿತ್ತು, ಪಾದ ಮಾತ್ರ ತಣ್ಣಗಿತ್ತು. “ಬುಗುರಿ” ಅಂದೆ. ಕಣ್ಣು ಬಿಡಲಿಲ್ಲ. ಸಣ್ಣಗೆ ನರಳಿದಳು.

ಇಂಥ ಪಾದಗಳನ್ನು ವಾರ್ಡಿನಲ್ಲಿ ಹಿಡಿದಿದ್ದೆ. ಕೆಲವು ಮತ್ತೆ ಬೆಚ್ಚಗಾಗಲೇ ಇಲ್ಲ. ಸೊಸೆಯನ್ನು ಕೂಗಿದೆ.

“ಲೋಟ ತಗೊ. ನೀನೇ ಒತ್ತಿ ನೋಡು. ನನಗೆ ಕಣ್ಣು ಸರಿಯಾಗಿ ಕಾಣಿಸಲ್ಲ. ಆಗಲೂ ಕಾಣಿಸಲಿಲ್ಲ.”

ಅವಳು ನನ್ನ ಮುಖ ನೋಡಲಿಲ್ಲ. ಒದ್ದೆ ಕೈಯಲ್ಲೇ ಮಂಡಿಯೂರಿ ಕೂತು ಒತ್ತಿದಳು.

“ಹೋಗ್ತಿಲ್ಲ ಅತ್ತೆ. ನೇರಳೆ ಬಣ್ಣಕ್ಕೆ ತಿರುಗಿದೆ. ಹೊಟ್ಟೆ ಮೇಲೂ ಬಂದಿದೆ.”

ಬಾಗಿಲಿಗೆ ಬೀಗವನ್ನೂ ಹಾಕದೆ ಸಿಕ್ಕ ಗಾಡಿ ಹತ್ತಿದೆವು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಗುವಿನ ಕೈಯಲ್ಲಿ ನರ ಹುಡುಕುತ್ತಲೇ, ಚುಕ್ಕೆ ಮೊದಲು ಕಂಡಿದ್ದು ಯಾವಾಗ ಎಂದು ಕೇಳಿದಳು.

“ಒಂದೂವರೆಗೆ,” ಅಂದೆ. “ಲೋಟ ಒತ್ತಿದ್ದೆ. ಕಣ್ಣು ಕಾಣದಿದ್ರೂ ಚುಕ್ಕೆ ಹೋಯ್ತು ಅಂತ ಸುಳ್ಳು ಹೇಳಿದೆ. ಮುಕ್ಕಾಲು ಗಂಟೆ ನನ್ನಿಂದ ಹಾಳಾಯ್ತು. ಹಾಗೇ ಬರ್ಕೊಳ್ಳಿ.”

ಹೊರಗೆ ಸೊಸೆ ನನ್ನಿಂದ ಒಂದು ಕುರ್ಚಿ ಬಿಟ್ಟು ಕೂತಳು. ಒಳಗಿನಿಂದ ಯಾರಾದರೂ ಬಂದರೆ ಇಬ್ಬರೂ ಏಳುತ್ತಿದ್ದೆವು. ಯಾವ ಮುಖದಲ್ಲಿ ಏನಿದೆಯೆಂದು ನನಗೆ ಕಾಣುತ್ತಿರಲಿಲ್ಲ, ಅವಳನ್ನು ಕೇಳುವ ಧೈರ್ಯವೂ ಇರಲಿಲ್ಲ. ಕೊನೆಗೆ ಹೊತ್ತು ಮುಳುಗುವಾಗ ಡಾಕ್ಟರಮ್ಮ ಬಂದಳು. ಹೊಸ ಚುಕ್ಕೆ ಎದ್ದಿಲ್ಲ, ಪಾದ ಬೆಚ್ಚಗಾಗಿದೆ, ಅಮ್ಮನನ್ನು ಕೇಳುತ್ತಿದ್ದಾಳೆ ಅಂದಳು. ಇನ್ನೊಂದು ಗಂಟೆ ತಡವಾಗಿದ್ದರೆ ಏನನ್ನೂ ಹೇಳಲಾಗುತ್ತಿರಲಿಲ್ಲ ಎಂದೂ ಅಂದಳು. ನಾನು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಮಗುವನ್ನು ಮಾತಾಡಿಸಿ ಬಂದ ಸೊಸೆ ಮುಖ ಒರೆಸಿಕೊಂಡು ಪಕ್ಕದ ಕುರ್ಚಿಗೇ ಬಂದಳು.

“ಅತ್ತೆ, ಮೊನ್ನೆ ಮಹಡಿ ಮನೆಯವಳ ಕೂಸಿಗೆ ಬೆವರುಸಾಲೆ ಅಂದ್ರಲ್ಲ. ಅದಾದ್ರೂ ಕಂಡಿತ್ತಾ?”

“ಇಲ್ಲ.”

ಅವಳು ನಂಬರ್ ಒತ್ತಿ ಫೋನನ್ನು ನನ್ನ ಕೈಗಿಟ್ಟಳು. ಬೇರೆಯವರ ಮಕ್ಕಳೂ ಒಬ್ಬೊಬ್ಬರಾಗಿ ನೆನಪಾಗತೊಡಗಿದರು. ಈ ಎಂಟು ತಿಂಗಳಲ್ಲಿ ಕಣ್ಣು ಕಾಣದೆಯೇ ನೋಡಿ ಕಳಿಸಿದ ಮಕ್ಕಳು. ಆಚೆಯವಳು ಫೋನ್ ಎತ್ತಿದಳು. ಕೂಸು ಹೇಗಿದೆ ಎಂದು ಕೇಳಿದೆ.

“ಜ್ವರ ಇನ್ನೂ ಬಿಟ್ಟಿಲ್ಲ ಅಜ್ಜಿ. ನೀವು ನೋಡಿದೀರಲ್ಲ ಅಂತ ನಾವು ಧೈರ್ಯವಾಗಿದ್ದೀವಿ.”

“ಈಗಲೇ ಎತ್ಕೊಂಡು ಆಸ್ಪತ್ರೆಗೆ ಬಾ,” ಅಂದೆ. “ನಾನು ಅದನ್ನ ನೋಡೇ ಇಲ್ಲ.”