ಮಣ್ಣಿನ ಕೊಡದ ಮೇಲೆ ಬಂದ ಅನುಮಾನ

ಧಾರವಾಡದ ಸಪ್ತಾಪುರದಲ್ಲಿ ಜರೀನಾಳ ಮನೆ. ನಳದ ನೀರು ದಿನಾ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಳ್ಳಬೇಕು. ಕುಡಿಯುವ ನೀರಿಗೆ ಅತ್ತೆ ಹಾಜರಾಬಿಯ ಮಣ್ಣಿನ ಕೊಡ.

ಈ ಬೇಸಿಗೆಯಲ್ಲಿ ನಾಲ್ಕು ವರ್ಷದ ಮಗಳು ನಾಹಿದಾಗೆ ವಾಂತಿ, ಭೇದಿ ಹತ್ತಿತು. ಆಸ್ಪತ್ರೆಯಲ್ಲಿ ಎರಡು ದಿನ ಸಲೈನ್ ಹಚ್ಚಿದರು. "ಕುಡಿಯೋ ನೀರು ನೋಡ್ಕೋರಿ" ಎಂದು ಡಾಕ್ಟರು ಹೇಳಿ ಕಳಿಸಿದರು.

"ಆ ಕೊಡಾ ಮೊದಲ ಹೊರಗ ಇಡು," ಎಂದ ಗಂಡ ಮುಜಮ್ಮಿಲ.

"ಹುಟ್ಟಿದಾಗಿಂದ ಕೊಡದ ನೀರ ಕುಡದೇನಿ. ಮಣ್ಣು ನೀರ್ನ ಶುದ್ಧ ಮಾಡತೈತಿ," ಎಂದಳು ಹಾಜರಾಬಿ.

ಯಾರ ಮಾತು ಖರೆ ಎಂದು ಜರೀನಾಗೆ ತಿಳಿಯಲಿಲ್ಲ. ಕೊಡವನ್ನು ಹಿತ್ತಿಲಲ್ಲಿಟ್ಟು ಸ್ಟೀಲಿನ ಪಾತ್ರೆ ತಂದಳು. ಹತ್ತೇ ದಿನಕ್ಕೆ ಮಗುವಿಗೆ ಮತ್ತೆ ಭೇದಿ. ಕೊಡವೇ ಇಲ್ಲ, ಆದರೂ ಯಾಕೆ ಹೀಗೆ?

ಓಆರ್‌ಎಸ್ ಪೊಟ್ಟಣ ತಂದುಕೊಟ್ಟ ಆಶಾ ಕಾರ್ಯಕರ್ತೆ ಬೀರವ್ವನನ್ನು ಜರೀನಾ ಕೇಳಿಯೇಬಿಟ್ಟಳು. "ಮಣ್ಣಿನ ಕೊಡಾ ಛಲೋನೋ, ಕೆಟ್ಟದ್ದೋ? ನನಗೇನೂ ತಿಳೀವಲ್ದರಿ."

"ಹೇಳ್ತೇನಿ. ಮೊದಲ ಒಂದ ಲೋಟ ನೀರ ಕೊಡ್ರಿ."

ಜರೀನಾ ಪಾತ್ರೆಯೊಳಗೆ ಲೋಟ ಅದ್ದಿದಳು. ಬೆರಳುಗಳೂ ನೀರಲ್ಲಿ ಮುಳುಗಿದವು.

"ನಾಹಿದಾನೂ ಹಿಂಗ ತೊಗೋತಾಳೇನ್ರಿ?"

"ಹೂಂರಿ. ಹೊರಗ ಆಡಿ ಬಂದ ಕೂಡ್ಲೇನ ಲೋಟ ಅದ್ದತಾಳ."

"ಕೈ ತೊಳಕೊಂಡು?"

ಜರೀನಾ ತನ್ನ ಒದ್ದೆ ಬೆರಳು ನೋಡಿಕೊಂಡಳು. "ಇಲ್ಲರಿ. ಕೊಡದಾಗೂ ಹಿಂಗ ಅದ್ದತಿದ್ವಿ," ಎಂದಳು.

"ಹಂಗಾರ ನನ್ನ ಕೊಡದ್ದ ತಪ್ಪಿಲ್ಲಾ?" ಹಾಜರಾಬಿ ಕೇಳಿದಳು.

"ಇಲ್ಲರಿ ಅಮ್ಮಾರ, ತಪ್ಪು ನೀರಾಗ ಅದ್ದೋ ಹೊಲಸ ಕೈದು. ಆದ್ರ ಮಣ್ಣು ನೀರ್ನ ತಣ್ಣಗ ಮಾಡತೈತಿ ಅಷ್ಟ. ಅದರಾಗ ರೋಗದ ಹುಳಾ ಸಾಯಂಗಿಲ್ಲ. ನೀರ ಕುದಿಸಿ, ಆರಿಸಿ ತುಂಬ್ರಿ. ಮುಚ್ಚಿ ಇಡ್ರಿ. ಉದ್ದ ಹಿಡಿಕಿ ಸೌಟಿನಿಂದನ ತೆಗೀರಿ."

"ಕೊಡಾ ತೊಳ್ಯಾಕ ಸಾಬಾನ ಹಚ್ಚಬೇಕೇನ?" ಮುಜಮ್ಮಿಲ ಕೇಳಿದ.

"ಬ್ಯಾಡ್ರಿ, ಮಣ್ಣು ಅದನ್ನ ಹೀರ್ಕೊಂತೈತಿ. ಬ್ರಷ್‌ನಿಂದ ತಿಕ್ಕಿ, ಬಿಸಿನೀರಾಗ ತೊಳದು, ಬಿಸಲಾಗ ಒಣಗಸ್ರಿ. ಹೊಸಾದು ತೊಗೊಂಡ್ರ ಬಣ್ಣ, ಪಾಲಿಶ್ ಹಚ್ಚಿದ್ದು ಬ್ಯಾಡ."

ಮುಜಮ್ಮಿಲ ತಾನೇ ಹಿತ್ತಿಲಿಗೆ ಹೋಗಿ ಕೊಡ ತಂದ. ಹಾಜರಾಬಿ ತಿಕ್ಕಲು ಕುಳಿತಳು. ಜರೀನಾ ನಾಹಿದಾಳ ಕೈಹಿಡಿದು, ಸಾಬೂನು ಹಚ್ಚಿ ತೊಳೆಯುವುದನ್ನು ಕಲಿಸಿದಳು. ಮಗು ಚೇತರಿಸಿಕೊಂಡಿತು, ಆ ಬೇಸಿಗೆಯಲ್ಲಿ ಮತ್ತೆ ಆಸ್ಪತ್ರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಓದುತ್ತಿರುವ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಮನೆಯ ನೀರಿನ ಪಾತ್ರೆ ಮಣ್ಣಿನದಿರಲಿ, ಸ್ಟೀಲಿನದಿರಲಿ, ಇವತ್ತೇ ಅದರ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಅದರಲ್ಲಿ ಯಾರ್ಯಾರ ಕೈ ಮುಳುಗುತ್ತಿದೆ?