ಮೂವತ್ತೊಂದನೆಯ ವರದಿ

ನಮ್ಮಿಬ್ಬರ ಮೇಜುಗಳ ನಡುವೆ ಹೆರಿಗೆ ವಾರ್ಡಿನಿಂದ ತಂದ ಹಸಿರು ಪರದೆ ನಿಂತಿತ್ತು. ಆಚೆ ಡಾಕ್ಟರ್ ಸದಾನಂದಯ್ಯನವರು, ಈಚೆ ಅವರ ಕೈಕೆಳಗೆ ಹನ್ನೆರಡು ವರ್ಷ ದುಡಿದ ನರ್ಸ್ ನಾನು. ಒಂದು ಔಷಧದ ಬಗ್ಗೆ ಎಲ್ಲೆಲ್ಲಿ ಏನೇನು ಅಧ್ಯಯನ ನಡೆದಿದೆಯೋ ಅಷ್ಟನ್ನೂ ಹುಡುಕಿ, ಓದಿ, ಜರಡಿ ಹಿಡಿದು ತೀರ್ಮಾನಕ್ಕೆ ಬರುವ ಕ್ರಮವನ್ನು ನಮಗೆ ಕಲಿಸಲು ತುಂಗಾಬಾಯಿ ಎಂಬವರು ಬಂದಿದ್ದರು. ಪರದೆ ಅವರದೇ ಏರ್ಪಾಡು.

"ಒಂದೇ ವರದಿಯನ್ನ ಇಬ್ಬರು ಬೇರೆಬೇರೆ ಓದಬೇಕು. ಒಬ್ಬರ ಗುರುತು ಇನ್ನೊಬ್ಬರಿಗೆ ಗೊತ್ತಾಗಬಾರದು. ಇಬ್ಬರೂ ಬೇಡ ಅಂದ್ರೆ ಅದು ಹೊರಗೆ. ನಿಮ್ಮಲ್ಲಿ ಭಿನ್ನಾಭಿಪ್ರಾಯ ಬಂದ್ರೆ ಮಾತ್ರ ನಾನು ಓದ್ತೀನಿ. ಇಲ್ಲಿ ಡಾಕ್ಟರ ಗುರುತಿಗೂ ನರ್ಸ್ ಗುರುತಿಗೂ ಒಂದೇ ತೂಕ," ಎಂದರು. ಒಂದೇ ತೂಕವಂತೆ. ವಾರ್ಡಿನಲ್ಲಿ ಡಾಕ್ಟರ ಮಾತಿಗೆ ಎದುರಾಡಿದವರನ್ನು ನಾನು ಕಂಡೇ ಇರಲಿಲ್ಲ.

ನಮ್ಮ ಪಾಲಿಗೆ ಬಂದದ್ದು ಹೆರಿಗೆ ನೋವು ತಗ್ಗಿಸುವ ಒಂದು ಇಂಜೆಕ್ಷನ್. ಸುತ್ತಲಿನ ಆಸ್ಪತ್ರೆಗಳು ಅದನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದು ನಮ್ಮ ತೀರ್ಮಾನದ ಮೇಲಿತ್ತು. ಅದನ್ನು ಊರಿಗೆ ತಂದವರೇ ಸದಾನಂದಯ್ಯನವರು. ಮೂವತ್ತು ವರದಿಗಳು ಹೊಗಳಿದವು. ಮೂವತ್ತೊಂದನೆಯದು ಒಂದು ಸಣ್ಣ ಆಸ್ಪತ್ರೆಯ ನರ್ಸ್ ಚಂಪಾವತಿ ಬರೆದದ್ದು. ಇಂಜೆಕ್ಷನ್ ಪಡೆದ ತಾಯಂದಿರ ಕೂಸುಗಳು ಹುಟ್ಟಿದೊಡನೆ ಅಳುವುದಿಲ್ಲ, ಕೆಲವು ಅಳಲೇ ಇಲ್ಲ ಎಂದು ಅವಳು ಒಂದೊಂದು ಕೂಸಿನ ಲೆಕ್ಕವನ್ನೂ ನಿಮಿಷ ಹಿಡಿದು ಬರೆದಿದ್ದಳು. ಅಂಥ ಕೂಸುಗಳ ಬೆನ್ನು ಉಜ್ಜಿ ಉಜ್ಜಿ ಸೋತವಳು ನಾನೇ.

ಪರದೆಯಾಚೆಯಿಂದ ಮಾತು ಬಂತು. ಅವರು ಇಣುಕಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಸಿಸ್ಟರ್, ಆ ಮೂವತ್ತೊಂದು ಬಿಟ್ಬಿಡಿ. ನರ್ಸ್ ಬರೆದಿದ್ದನ್ನೆಲ್ಲ ಅಧ್ಯಯನ ಅಂತಾರಾ?"

"ಆಯ್ತು ಸರ್," ಎಂದೆ. ಹನ್ನೆರಡು ವರ್ಷದಲ್ಲಿ ನನ್ನ ನಾಲಿಗೆಗೆ ಬೇರೆ ಉತ್ತರ ರೂಢಿಯಾಗಿರಲಿಲ್ಲ. 'ಬೇಡ' ಎಂದು ಗುರುತು ಹಾಕಿ, ಕಾರಣದ ಜಾಗದಲ್ಲಿ 'ಸಂಖ್ಯೆ ಕಡಿಮೆ' ಎಂದು ಬರೆದೆ. ಗುರುತಿನ ಹಾಳೆಗಳನ್ನು ಮುಚ್ಚಿಟ್ಟಿದ್ದ ಲಕೋಟೆಗಳನ್ನು ಒಡೆದಾಗ ನಮ್ಮಿಬ್ಬರ ಗುರುತುಗಳೂ ಒಂದಿಷ್ಟೂ ತಪ್ಪದೆ ಹೊಂದಿಕೊಂಡಿದ್ದವು. ತುಂಗಾಬಾಯಿಯವರು ಎಲ್ಲರೆದುರು ಮೆಚ್ಚಿದರು. ಭಿನ್ನಾಭಿಪ್ರಾಯವೇ ಇಲ್ಲದ್ದರಿಂದ ಆ ವರದಿಯನ್ನು ಅವರು ಓದಲೇ ಇಲ್ಲ. ಇಂಜೆಕ್ಷನ್ ಇನ್ನೂ ಆರು ವರ್ಷ ನಡೆಯಿತು. ಎಷ್ಟು ಕೂಸುಗಳು ಎಂದು ನನ್ನನ್ನು ಕೇಳಬೇಡಿ.

ಕೊನೆಗೆ ಯಾರೋ ದೂರದವರು ಎಚ್ಚರಿಸಿ ಅದು ನಿಂತ ಹೊತ್ತಿಗೆ ನಾನೇ ತರಬೇತಿ ಕೊಡುವವಳಾಗಿದ್ದೆ. ನಾನೂ ಮೇಜುಗಳ ನಡುವೆ ಹಸಿರು ಪರದೆ ಇಡಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಒಂದು ಬೆಳಿಗ್ಗೆ ತರಗತಿಗೆ ಮುನ್ನ ಕಲಿಯಲು ಬಂದಿದ್ದ ನರೆಗೂದಲಿನ ಹೆಂಗಸೊಬ್ಬಳು ಹತ್ತಿರ ಬಂದು, "ನಾನು ಚಂಪಾವತಿ," ಎಂದಳು.

"ನನ್ನ ವರದಿ ಯಾಕೆ ಬಿಟ್ರು ಅಂತ ಕೈಬಿಟ್ಟ ವರದಿಗಳ ಪಟ್ಟಿಲಿ ನೋಡ್ದೆ. ಸಂಖ್ಯೆ ಕಡಿಮೆ ಅಂತಿತ್ತು, ಪಕ್ಕದಲ್ಲಿ ನಿಮ್ಮ ಹೆಸರಿತ್ತು. ನಾನೂರು ಹೆರಿಗೆ ಬರ್ದಿದ್ದೆ ಮೇಡಂ. ನೀವು ಅದನ್ನ ಓದಿರ್ಲಿಲ್ಲ ಅಲ್ವಾ?"

ಇಲ್ಲ ಎಂದುಬಿಡಬಹುದಿತ್ತು. "ಓದಿದ್ದೆ," ಎಂದೆ.

"ಓದಿರಲಾರರು ಅಂತ್ಲೇ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಪಕ್ಕದ ಕುರ್ಚಿಯೊಂದೇ ಖಾಲಿಯಿತ್ತು. ಅವಳು ಕಿಟಕಿಯ ಬಳಿ ತಟ್ಟೆ ಹಿಡಿದು ನಿಂತೇ ಉಂಡಳು.