ಆಟದೊಳಗಿನ ತಂಗಿ

ತಂಗಿ ಮೇಜನ್ನು ಗೋಡೆಗೆ ದೂಡುತ್ತಿದ್ದಳು. ಅದನ್ನು ಸರಿಸದೆ ಅಣ್ಣನ ಶವಪೆಟ್ಟಿಗೆ ಬಾಗಿಲು ದಾಟುವಂತಿರಲಿಲ್ಲ.

"ಒಂಟಿ ಮನುಷ್ಯನಿಗೆ ಇಷ್ಟು ದೊಡ್ಡ ಮೇಜು ಯಾಕೆ ಬೇಕಿತ್ತೋ," ಎಂದರು ಕೆಳಮನೆಯ ಟೈಲರ್, ಇನ್ನೊಂದು ತುದಿ ಹಿಡಿದು.

"ಆಟಕ್ಕೆ," ಎಂದ ಬಾಗಿಲಲ್ಲಿ ನಿಂತಿದ್ದ ಕನ್ನಡಕದಂಗಡಿಯವನು. ಅಣ್ಣನ ಹಳೆಯ ಗೆಳೆಯ; ಹನ್ನೆರಡು ವರ್ಷದ ಮೇಲೆ ಈ ಮೆಟ್ಟಿಲು ಹತ್ತಿದ್ದ.

*

ಅಣ್ಣ ಲಿಫ್ಟ್ ರಿಪೇರಿಯವನು. ವಾರವಿಡೀ ಬಾವಿಯಂಥ ಕತ್ತಲಲ್ಲಿ ಒಬ್ಬನೇ ಜೋತುಬಿದ್ದು ಗ್ರೀಸು ಬಳಿಯುವವನು, ಭಾನುವಾರ ಬಂತೆಂದರೆ ರಾಜ್ಯ ಕಟ್ಟುತ್ತಿದ್ದ. ಅವನು ಕತೆ ಶುರು ಮಾಡುವನು. ಮೇಜಿನ ಸುತ್ತ ಕೂತ ಮೂವರು ಗೆಳೆಯರು ಕಳ್ಳನೋ ವೈದ್ಯನೋ ಆಗಿ, ಮುಂದೇನು ಮಾಡುತ್ತೇವೆಂದು ಹೇಳಿ ದಾಳ ಎಸೆಯುವರು. ಗೆದ್ದರೆ ಕೋಟೆ, ಸೋತರೆ ಮುರಿದ ಕಾಲು. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ವರ್ಗವಾಯಿತು, ಕನ್ನಡಕದವನಿಗೆ ಭಾನುವಾರವೂ ಅಂಗಡಿ. ಆಗ ಅಣ್ಣ, ಎರಡು ಬೀದಿಯಾಚೆ ಇದ್ದ ತಂಗಿಯನ್ನು ಕರೆದಿದ್ದ.

"ನೀನಾದ್ರೂ ಬಾರೇ. ಕಲಿಯೋಕೆ ಅರ್ಧ ಗಂಟೆ ಸಾಕು."

"ತಲೆ ನರೆತ ಮೇಲೆ ಮಕ್ಕಳಾಟನಾ? ನಂಗೆ ಒಗೆಯೋ ಬಟ್ಟೆ ಬೆಟ್ಟದಷ್ಟಿದೆ."

ಅವನು ನಕ್ಕ. ಮತ್ತೆ ಕರೆಯಲಿಲ್ಲ.

*

ಮೇಜಿನ ಡ್ರಾಯರಿನ ತುಂಬ ನೋಟುಬುಕ್ಕುಗಳು. ಕನ್ನಡಕದವನು ಒಂದನ್ನು ತೆರೆದು ನೋಡಿ ಅವಳ ಕೈಗಿತ್ತ.

"ನಾವು ಬಿಟ್ಟ ಮೇಲೂ ಒಬ್ಬನೇ ಆಡ್ತಿದ್ದನಮ್ಮ. ನೋಡು, ಇದರಲ್ಲಿ ನೀನಿದ್ದೀಯ."

ಮೊದಲ ಪುಟದಲ್ಲಿ ಅಣ್ಣನ ದುಂಡು ಅಕ್ಷರದಲ್ಲಿ ಆಟದ ಪಾತ್ರ, ಅದರ ಅಂಕಗಳು: ತಂಗಿ. ಧೈರ್ಯ ಹದಿನೆಂಟು. ಬುದ್ಧಿ ಹದಿನೇಳು. ತಾಳ್ಮೆ ಆರು. ಹಲ್ಲಿ ಕಂಡರಾಗದು.

ಅವಳು ಪುಟ ತಿರುವುತ್ತ ಹೋದಳು. ಪುಟಪುಟದಲ್ಲೂ ಅಣ್ಣನ ಜೊತೆ ಹೊಳೆ ದಾಟಿದ್ದಳು, ಕಾಡು ಸುತ್ತಿದ್ದಳು. ಆದರೆ ಒಂದು ಮಾತೂ ಆಡಿರಲಿಲ್ಲ. 'ತಂಗಿಯ ಮಾತು' ಎಂದು ಬರೆದು, ಅವಳ ಬಾಯಿಗೆ ತನ್ನ ಮಾತು ತುರುಕದೆ, ಪ್ರತಿ ಸಲವೂ ಒಂದು ಸಾಲು ಖಾಲಿ ಬಿಟ್ಟಿದ್ದ.

ಕಳೆದ ಭಾನುವಾರದ ಪುಟ: ಬೆಟ್ಟದ ಬುಡ ತಲುಪಿದೆವು. ಮುಂದೆ ಹೋಗೋಣವೇ ಎಂದು ಕೇಳಿದೆ. ತಂಗಿಯ ಮಾತು.

ಅದರ ಕೆಳಗೆ ಏನೂ ಇರಲಿಲ್ಲ.

ಗಾಡಿ ಬಂತೆಂದು ಕೆಳಗಿಂದ ಕೂಗಿದರು. ಲಿಫ್ಟ್ ಇಲ್ಲದ ಕಟ್ಟಡ. ಮೂರು ಮಹಡಿ ಇಳಿಸಬೇಕು. ಎತ್ತಲು ಇದ್ದವರು ಟೈಲರ್, ಕನ್ನಡಕದವನು, ಅಣ್ಣನ ಜೊತೆ ಕೆಲಸಕ್ಕಿದ್ದ ಮೇಸ್ತ್ರಿ, ಮೂವರೇ.

"ತಡೀರಿ, ಬೀದಿಯಿಂದ ಇನ್ನೊಬ್ಬರನ್ನ ಕರ್ಕೊಂಡು ಬರ್ತೀನಿ," ಎಂದರು ಟೈಲರ್.

ಅವಳು ತೋಳೇರಿಸಿಕೊಂಡು ನಾಲ್ಕನೆಯ ಮೂಲೆಗೆ ಬಂದಳು.

"ನೀವ್ಯಾಕಮ್ಮ?"

"ನಾನೂ ಬರ್ತೀನಿ."

ಮೆಟ್ಟಿಲ ಮೊದಲ ತಿರುವಿನಲ್ಲಿ ಪೆಟ್ಟಿಗೆ ವಾಲಿತು. ಭಾರವೆಲ್ಲ ಅವಳ ಹೆಗಲಿಗೇ ಬಂತು. ಅವಳು ಒಂದು ಗಳಿಗೆ ಕಾಲೂರಿ ನಿಂತು, ಇನ್ನೊಂದು ಮೆಟ್ಟಿಲು ಇಳಿದಳು.